ಒಂದಡಿ ಉದ್ದದ ಅರ್ಜುನ್, ಅದರ ಪಕ್ಕದ ತೆಂಗಿನ ಮರ

ನಮ್ಮ ಸೇನೆಯ ಮೊದಲ ಶ್ರೇಣಿಯ ಅರ್ಜುನ್ ಟ್ಯಾಂಕಿನ ತೂಕ ಸುಮಾರು 58.5 ಟನ್. ಫಿರಂಗಿಯ ನಳಿಗೆಯನ್ನೂ ಸೇರಿಸಿದರೆ ಉದ್ದ ಹತ್ತೂವರೆ ಮೀಟರಿಗಿಂತ ತುಸು ಹೆಚ್ಚು, ಅಗಲ 3.86 ಮೀಟರ್, ಎತ್ತರ 2.32 ಮೀಟರ್. ಇದನ್ನೆಲ್ಲ 35ರಿಂದ ಭಾಗಿಸಿ ನೋಡಿ. ಒಂದಡಿ ಉದ್ದ, 11 ಸೆಂ.ಮೀ. ಅಗಲ, ಆರೂವರೆ ಸೆಂ.ಮೀ.ಗಿಂತ ತುಸು ಹೆಚ್ಚು ಎತ್ತರದ ಒಂದು ವಸ್ತು ಮೇಜಿನ ಮೇಲೆ ಬಂದು ಕೂರುತ್ತದೆ. ತೂಕದ ಲೆಕ್ಕ ಮಾತ್ರ ಬೇರೆ. ಉದ್ದ, ಅಗಲ, ಎತ್ತರ ಮೂರೂ 35 ಪಾಲು ಕುಗ್ಗುವುದರಿಂದ ತೂಕ 42,875 ಪಾಲು ಇಳಿಯುತ್ತದೆ. ಅದೇ ಉಕ್ಕಿನಲ್ಲಿ, ಒಳಗಿನ ಯಂತ್ರಗಳ ಸಮೇತ ಮಾಡಿದರೆ ಈ ಮರಿ ಅರ್ಜುನ್ ತೂಗುವುದು 1 ಕೆ.ಜಿ. 360 ಗ್ರಾಂ. ತಿಪಟೂರಿನ ರಸ್ತೆಬದಿಯಲ್ಲಿ ಕೊಚ್ಚಿಕೊಡುವ ಎಳನೀರಿನಷ್ಟು.

ಹೀಗೆ ಲೆಕ್ಕ ಹಿಡಿದು ನಿಜವಾದ ಯುದ್ಧವಾಹನವನ್ನು ಕುಗ್ಗಿಸಿ ಕಟ್ಟುವುದು ಜಗತ್ತಿನ ನಾನಾ ದೇಶಗಳಲ್ಲಿ ಗಂಭೀರವಾಗಿ ನಡೆಯುತ್ತಿರುವ ಕೈಕಸುಬು. ಅದರ ರೂಢಿಯ ಅಳತೆಯಾದ 35ರಲ್ಲಿ ಒಂದು ಪಾಲು ಯಾವ ಪಂಡಿತರ ಸಭೆಯಲ್ಲೂ ತೀರ್ಮಾನವಾದದ್ದಲ್ಲ. ಜಪಾನಿನ ಶಿಜುವೊಕಾದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ತಂದಿತು. ಅದು ಓಡಬೇಕಿತ್ತು, ಹಾಗಾಗಿ ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕಿತ್ತು. ಬ್ಯಾಟರಿ ಹಿಡಿಸುವ ಗಾತ್ರಕ್ಕೆ ಒಡಲು ಮಾಡಿ, ಆಮೇಲೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 1:35 ಬಂತು. ಅಲ್ಲಿಂದ ಇಡೀ ಜಗತ್ತು ಅದನ್ನೇ ಹಿಡಿಯಿತು.

ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿದರೆ ಟ್ಯಾಂಕಿನ ಆಕಾರ ಬರುತ್ತದೆ, ನಿಖರತೆ ಬರುವುದಿಲ್ಲ. ಕಾರಣ ದಪ್ಪ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕನ್ನು ತೀರಾ ತೆಳ್ಳಗೆ ಮಾಡಲಾಗದು. ಒಂದು ಮಿಲಿಮೀಟರ್ ದಪ್ಪದ ಮಡ್‌ಗಾರ್ಡ್ ಎಂದರೆ ನಿಜದಲ್ಲಿ 35 ಮಿಲಿಮೀಟರ್ ಉಕ್ಕು. ಅಂಥ ಮಡ್‌ಗಾರ್ಡ್ ಯಾವ ಟ್ಯಾಂಕಿಗೂ ಇಲ್ಲ. ಮೂರು ಮಿಲಿಮೀಟರಿನ ತಗಡು ಈ ಅಳತೆಯಲ್ಲಿ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತಲೂ ತೆಳು. ಪಳಗಿದವರು ಆ ಭಾಗಗಳನ್ನು ಕತ್ತರಿಸಿ ತೆಗೆದು ಹಿತ್ತಾಳೆಯ ಹಾಳೆ ಕೂರಿಸುತ್ತಾರೆ. ಕುಡಿದೆಸೆದ ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಮೈ ಕೂಡ ಹೆಚ್ಚುಕಡಿಮೆ ಇದೇ ದಪ್ಪದ್ದು, ಕತ್ತರಿಯಲ್ಲಿ ಸಲೀಸಾಗಿ ಕತ್ತರಿಸಬಹುದು. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಅಲ್ಲಲ್ಲಿ ತುಸು ಬಗ್ಗಿಸಿದರೆ ಮುಳ್ಳುಕಂಟಿಗೆ ಗುದ್ದಿ ಬಂದ ಮಡ್‌ಗಾರ್ಡ್ ತಯಾರು. ಬಣ್ಣವನ್ನೂ ದಪ್ಪಗೆ ಹಚ್ಚುವಂತಿಲ್ಲ. ದಪ್ಪ ಹಚ್ಚಿದರೆ ಬೋಲ್ಟಿನ ತಲೆ, ಬೆಸುಗೆಯ ಗೆರೆ ಎಲ್ಲ ಮುಚ್ಚಿಹೋಗುತ್ತವೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಯಾವ ಟ್ಯಾಂಕು? 'ಟಿ-55' ಎಂದರೆ ಸಾಲದು. ಯಾವ ಸೇನೆಯದು, ಯಾವ ವರ್ಷದ್ದು ಎಂದು ಹೇಳಬೇಕು. ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಟಿ-55ಕ್ಕೆ ಪ್ರತಿ ಬದಿಗೆ ಐದು ದೊಡ್ಡ ಚಕ್ರ. ಮೊದಲ ಎರಡು ಚಕ್ರಗಳ ನಡುವೆ ಎದ್ದು ಕಾಣುವ ಸಂದು. ಇದರ ತಮ್ಮನಾದ ಟಿ-62ರಲ್ಲಿ ಆ ಸಂದು ಹಿಂದಿನ ಚಕ್ರಗಳ ನಡುವೆ ಇದೆ. ಅಣ್ಣನಾದ ಟಿ-54ರ ಟರೆಟ್ ಮೇಲೆ ಅಣಬೆಯಂಥ ಗಾಳಿಗೂಡು ಇರುತ್ತದೆ, ಟಿ-55ಕ್ಕೆ ಇಲ್ಲ. ಫಿರಂಗಿ 100 ಮಿಲಿಮೀಟರಿನದು, ಹೊಗೆ ಹೊರಹಾಕುವ ಉಬ್ಬು ನಳಿಗೆಯ ತುದಿಯಲ್ಲೇ ಇದೆ. ಭಾರತ ಮುಂದೆ ತನ್ನ ಅನೇಕ ಟಿ-55ಗಳಿಗೆ 105 ಮಿಲಿಮೀಟರಿನ ಫಿರಂಗಿ ಕೂರಿಸಿತು. ಅದರಲ್ಲಿ ಉಬ್ಬು ತುದಿಯಿಂದ ಬಹಳ ಹಿಂದೆ ಸರಿದಿದೆ. ಬಾಯಿಯ ಐದು ಮಿಲಿಮೀಟರಿನ ವ್ಯತ್ಯಾಸ 1:35ರಲ್ಲಿ ಯಾರ ಕಣ್ಣಿಗೂ ಬೀಳದು. ಉಬ್ಬಿನ ಜಾಗ ಮಾತ್ರ ಹತ್ತಡಿ ದೂರದಿಂದಲೇ ಸತ್ಯ ಹೇಳಿಬಿಡುತ್ತದೆ. 1971ರ ಯುದ್ಧದ ಟಿ-55 ಎಂದು ಫಲಕ ಬರೆದು 105ರ ನಳಿಗೆ ಕೂರಿಸಿದರೆ ಇತಿಹಾಸವೇ ತಪ್ಪಾಯಿತು. ನನ್ನ ಪ್ರಕಾರ ಈ ಕಸುಬಿನ ಮರ್ಯಾದೆ ಇರುವುದೇ ಇಂಥ ಕಡೆ. ಕೈಯ ನಯ ಅಭ್ಯಾಸದಿಂದ ಬಂದೀತು, ಹುಡುಕಿ ಖಾತ್ರಿ ಮಾಡಿಕೊಳ್ಳುವ ಹಟ ಇಲ್ಲದಿದ್ದರೆ ಆ ನಯ ಆಟಿಕೆ ಮಾಡುವುದಕ್ಕಷ್ಟೇ ಸಾಕು.

ಕಣ್ಣಾರೆ ನೋಡುವುದಕ್ಕೆ ದೂರ ಹೋಗಬೇಕಿಲ್ಲ. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಟಿ-55 ನಿಂತಿದೆ. ಇನ್ನೂ ಹೆಚ್ಚು ನೋಡಬೇಕೆಂದರೆ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ತೆರೆದ ಟ್ಯಾಂಕುಗಳದ್ದೇ ಸಂಗ್ರಹಾಲಯವಿದೆ. ಹೊಸ ಟ್ಯಾಂಕುಗಳಾದ ಟಿ-90, ಅರ್ಜುನ್‌ಗಳನ್ನು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನೋಡಬಹುದು. ಆದರೆ ಅವು ಹೊಸ ಬಣ್ಣ ಬಳಿದುಕೊಂಡು ಬಂದವು, ಗಡಿಯ ಧೂಳಿನಲ್ಲಿ ಹಾಗಿರುವುದಿಲ್ಲ. ಕ್ಯಾಮೆರಾ ಹಿಡಿಯುವುದು ಇಂಥ ಬಹಿರಂಗ ಜಾಗಗಳಲ್ಲಿ ಮಾತ್ರ. ದಂಡು ಪ್ರದೇಶದ ಬೇಲಿಯಾಚೆ ಇಣುಕುವುದು ಕಾನೂನಿಗೆ ವಿರುದ್ಧ.

ಕರ್ನಾಟಕದಲ್ಲೇ ರೂಪುಗೊಂಡದ್ದನ್ನು ಮಾಡಬೇಕೆಂದರೆ ಕೆಜಿಎಫ್‌ನ ಬಿಇಎಂಎಲ್ ಪೋಲೆಂಡಿನ ಬುಮಾರ್ ಸಹಯೋಗದಲ್ಲಿ ಸೇನೆಗೆ ಕೊಟ್ಟ ಡಬ್ಲ್ಯುಜೆಡ್‌ಟಿ-3 ಇದೆ. ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರುವ ಕವಚವಾಹನ ಅದು. ಅದರ ಕೆಳಗಿನ ಒಡಲು ಟಿ-72ರದು. ಹಾಗಾಗಿ ಟಿ-72ರ ಕಿಟ್‌ನಿಂದ ಚಕ್ರ, ಚೈನು ತೆಗೆದುಕೊಂಡು, ಮೇಲಿನ ಪೆಟ್ಟಿಗೆ, ಕ್ರೇನು, ಮುಂದಿನ ಗುದ್ದಲಿಹಲಗೆ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸ್ವಂತವಾಗಿ ಕಟ್ಟಬಹುದು. ಕಷ್ಟದ ಕೆಲಸ, ಆದರೆ ನಮ್ಮ ಕಡೆಯವರು ಕೈಹಾಕಬೇಕಾದ ಕೆಲಸ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಈ ಕಸುಬಿನಲ್ಲಿ ಇನ್ನೊಂದು ಅನುಕೂಲವಿದೆ. ಟ್ಯಾಂಕಿನ ಸುತ್ತಲಿನ ನೆಲ ಮಾಡುವ ಸಾಮಾನು ಹಿತ್ತಲಲ್ಲೇ ಬಿದ್ದಿದೆ. ತೆಂಗಿನ ನಾರಿನ ಪುಡಿಯನ್ನು ಜರಡಿ ಹಿಡಿದು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿದರೆ ಉತ್ತ ಹೊಲ. ನಾರಿನ ಎಳೆ ಹುಲ್ಲಿಗೆ ಹೊಂದುವುದಿಲ್ಲ. 0.15 ಮಿಲಿಮೀಟರಿನ ಎಳೆ ಎಂದರೆ ನಿಜದಲ್ಲಿ ಐದು ಮಿಲಿಮೀಟರ್ ದಪ್ಪ, ಹುಲ್ಲಿಗೆ ಅದು ಹೆಚ್ಚಾಯಿತು. ಕುಯ್ಲಾದ ಭತ್ತದ ಕೂಳೆಗಾದರೆ ಸರಿಯಾದ ಅಳತೆ. ಟಿ-55ರ ಹೊಗೆಕೊಳವೆ ಎಡಗಡೆಯ ಮಡ್‌ಗಾರ್ಡ್ ಮೇಲೆ ತೆರೆಯುತ್ತದೆ, ಅಲ್ಲಿನ ಮಸಿಗೆ ಚಿಪ್ಪಿನ ಇದ್ದಿಲನ್ನು ನುಣ್ಣಗೆ ಅರೆದು ಒಣ ಕುಂಚದಲ್ಲಿ ಒತ್ತಿದರೆ ಸಾಕು. ತೆಂಗಿನ ಚಿಪ್ಪಿನ ಇದ್ದಿಲಿಗೂ ಯುದ್ಧಕ್ಕೂ ಹಳೆಯ ನಂಟಿದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ವಿಷಾನಿಲದ ಮುಖವಾಡಗಳಿಗೆ ಅದನ್ನು ತುಂಬಿದ್ದರು. ಸ್ಪ್ರೇ ಬಣ್ಣ ಹೊಡೆಯುವಾಗ ಹಾಕಿಕೊಳ್ಳಬೇಕಾದ ಮುಖವಾಡದ ಡಬ್ಬಿಯಲ್ಲೂ ಸಾಮಾನ್ಯವಾಗಿ ಇರುವುದು ಇದೇ ಇದ್ದಿಲು. ಆ ಮುಖವಾಡ ಮಾತ್ರ ತಪ್ಪಿಸಬೇಡಿ.

ಮಣ್ಣಿನ ವಿಚಾರದಲ್ಲಿ ಎಚ್ಚರ ಬೇಕು. ನಮ್ಮ ಕೆಮ್ಮಣ್ಣನ್ನು ರಾಜಸ್ಥಾನದ ಟಿ-90ಕ್ಕೆ ಹಚ್ಚಿದರೆ ಸುಳ್ಳಾಗುತ್ತದೆ. 1971ರ ಡಿಸೆಂಬರಿನಲ್ಲಿ ಪೂರ್ವ ರಣರಂಗದಲ್ಲಿ, ಈಗಿನ ಬಾಂಗ್ಲಾದೇಶದಲ್ಲಿ, ನಮ್ಮ ಸೇನೆಯ ಟಿ-55ಗಳು ಹೋರಾಡಿದವು. ಅಲ್ಲಿಯದು ಬೂದು ಬಣ್ಣದ ಮೆಕ್ಕಲು. ತೋಟಕ್ಕೆ ಹೊಡೆಸುವ ಕೆರೆಗೋಡನ್ನು ಒಣಗಿಸಿ ಬಟ್ಟೆಯಲ್ಲಿ ಸೋಸಿದರೆ ಅದಕ್ಕೆ ತೀರಾ ಹತ್ತಿರದ ಬಣ್ಣ ಬರುತ್ತದೆ.

ಬಾಂಗ್ಲಾದೇಶದಲ್ಲಿ ತೆಂಗಿನ ಮರವೂ ಇದೆ. ಟ್ಯಾಂಕಿನ ಪಕ್ಕ ಮರ ನಿಲ್ಲಿಸುವುದಾದರೆ 20 ಮೀಟರಿನ ಮರ 57 ಸೆಂ.ಮೀ. ಆಗಬೇಕು, ಐದು ಮೀಟರಿನ ಗರಿ 14 ಸೆಂ.ಮೀ., ಕಾಯಿ ಏಳು ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮರಗಳಲ್ಲಿ ಗರಿಗಳೆಲ್ಲ ಒಂದೇ ವಯಸ್ಸಿನವು. ನಿಜವಾದ ಮರದಲ್ಲಿ ಹಾಗಲ್ಲ: ಸುಳಿ ನೆಟ್ಟಗೆ ನಿಂತಿರುತ್ತದೆ, ನಡುವಿನ ಗರಿಗಳು ಅಡ್ಡ ಚಾಚುತ್ತವೆ, ಕೆಳಗಿನವು ಹಳದಿಯಾಗಿ ಕಾಂಡಕ್ಕೆ ಆತು ಬೀಳುತ್ತವೆ, ಉದುರಿದ ಪ್ರತಿ ಗರಿಯೂ ಕಾಂಡದ ಮೇಲೆ ಒಂದು ಉಂಗುರ ಬಿಟ್ಟುಹೋಗುತ್ತದೆ. ಟಿ-55ರ ನಕ್ಷೆ ಶಿಜುವೊಕಾದವರಿಗೂ ಸಿಗುತ್ತದೆ. ಮೂವತ್ತು ಚಿಲ್ಲರೆ ಗರಿಗಳು ಯಾವ ಯಾವ ಕೋನದಲ್ಲಿ ನಿಲ್ಲುತ್ತವೆ ಎಂಬುದನ್ನು ನೋಡಿ ಅಳೆಯಲು ತುರುವೇಕೆರೆಯವರು ತಲೆ ಎತ್ತಿದರೆ ಸಾಕು.