ಇಂಜಿನಿಯರಿಂಗ್ ಮುಗಿಸಿದವರಿಗೆ ವೇತನ ಸಹಿತ ಸಂಶೋಧನೆ: ಇಲ್ಲಿ ರಾಜ್ಯದ ಗಡಿ ಅಡ್ಡಿಯಿಲ್ಲ

ಬಿ.ಟೆಕ್ ಮುಗಿಯಿತು, ಬ್ಯಾಂಕಿನ ಸಾಲ ಮುಗಿದಿಲ್ಲ, ಇನ್ನು ಮುಂದೆ ಓದಿಸುವುದು ಹೇಗೆ? ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಅನೇಕ ಮನೆಗಳಲ್ಲಿ ಕೇಳಿಬರುವ ಮಾತಿದು. ಆದರೆ ಇಂಜಿನಿಯರಿಂಗ್‌ನ ಉನ್ನತ ಸಂಶೋಧನೆಗೆ ವಿದ್ಯಾರ್ಥಿಯ ಮನೆಯಿಂದ ಹಣ ಹೋಗುವುದಕ್ಕಿಂತ ಸರಕಾರದಿಂದ ಹಣ ಬರುವುದೇ ಹೆಚ್ಚು ಎಂಬ ವಿಷಯ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ.

ಇನ್ನೊಂದು ವಿಷಯವೂ ಗಮನಾರ್ಹ. ಬಿ.ಟೆಕ್ ಪ್ರವೇಶದ ವೇಳೆ ಎನ್.ಐ.ಟಿ.ಗಳ ಅರ್ಧದಷ್ಟು ಸೀಟು ಆಯಾ ರಾಜ್ಯದಲ್ಲಿ ಹನ್ನೆರಡನೇ ತರಗತಿ ಪಾಸಾದವರಿಗೆ ಮೀಸಲು. ಕೇರಳದ ಪ್ಲಸ್ ಟು ಓದಿದ ನಮ್ಮ ಮಕ್ಕಳಿಗೆ ಕಲ್ಲಿಕೋಟೆ ಸ್ವಂತ ರಾಜ್ಯ, ತಲಪಾಡಿ ದಾಟಿದರೆ ಸಿಗುವ ಸುರತ್ಕಲ್ ಪರರಾಜ್ಯ! ಎಂ.ಟೆಕ್ ಮತ್ತು ಪಿಎಚ್.ಡಿ.ಗೆ ಈ ಲೆಕ್ಕವಿಲ್ಲ. ಸುರತ್ಕಲ್ ಆಗಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆಗಲಿ, ಧಾರವಾಡ, ಪಾಲಕ್ಕಾಡ್, ಮದರಾಸಿನ ಐ.ಐ.ಟಿ.ಗಳಾಗಲಿ, ಎಲ್ಲರಿಗೂ ಬಾಗಿಲು ಒಂದೇ.

ಆ ಬಾಗಿಲಿನ ಹೆಸರು ಗೇಟ್ ಪರೀಕ್ಷೆ. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ. 3 ಗಂಟೆ, 100 ಅಂಕ. ಮೂರನೇ ವರ್ಷದಲ್ಲಿರುವವರೂ ಬರೆಯಬಹುದು, ವಯಸ್ಸಿನ ಮಿತಿಯಿಲ್ಲ, ಅಂಕಕ್ಕೆ 3 ವರ್ಷ ಬೆಲೆಯಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ, ನಿಜ. ಆದರೆ ಪ್ರಬಂಧ ಬರೆಯಲಿಕ್ಕಿಲ್ಲ, ಉತ್ತರ ಆರಿಸಬೇಕು ಇಲ್ಲವೇ ಸಂಖ್ಯೆ ತುಂಬಬೇಕು. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರು ಇದಕ್ಕೆ ಹೆದರಬೇಕಾಗಿಲ್ಲ.

ಹಣದ ವಿಷಯಕ್ಕೆ ಬರೋಣ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ 24 ತಿಂಗಳು, ತಿಂಗಳಿಗೆ 12,400 ರೂ. ಸಿಗುತ್ತದೆ. ಐ.ಐ.ಟಿ.ಗಳಲ್ಲಿ ಇದಕ್ಕೆ ಪ್ರತಿಯಾಗಿ ವಾರಕ್ಕೆ ಸುಮಾರು 8 ಗಂಟೆ ಲ್ಯಾಬ್ ನೋಡಿಕೊಳ್ಳುವುದು, ಉತ್ತರಪತ್ರಿಕೆ ತಿದ್ದುವುದು ಮುಂತಾದ ಕೆಲಸ ಮಾಡಬೇಕು. ಶುಲ್ಕ, ಹಾಸ್ಟೆಲ್, ಮೆಸ್ ಕಳೆದರೆ ಇದರಲ್ಲಿ ಊರಿಗೆ ಕಳಿಸಲು ಏನೂ ಉಳಿಯದು ಎಂಬುದನ್ನೂ ಹೇಳಲೇಬೇಕು. ಪಿಎಚ್.ಡಿ.ಯ ಸಂಗತಿ ಬೇರೆ. 2023ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಮೊದಲ 2 ವರ್ಷ ತಿಂಗಳಿಗೆ 37,000 ರೂ., ಬಳಿಕ 42,000 ರೂ. ಬಿ.ಟೆಕ್‌ನಲ್ಲಿ ಒಳ್ಳೆಯ ಅಂಕವಿದ್ದವರು ಎಂ.ಟೆಕ್ ಇಲ್ಲದೆಯೇ ನೇರ ಪಿಎಚ್.ಡಿ. ಸೇರಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಹಲವು ಐ.ಐ.ಟಿ.ಗಳಲ್ಲೂ ಅವಕಾಶವಿದೆ. ನಡುದಾರಿ ಬೇಕೆಂದರೆ ವಿಜ್ಞಾನ ಸಂಸ್ಥೆಯ ಸಂಶೋಧನಾ ಎಂ.ಟೆಕ್, ಮದರಾಸು ಐ.ಐ.ಟಿ.ಯ ಎಂ.ಎಸ್. ಇವೆ. ಇವುಗಳಲ್ಲಿ ಪಾಠ ಕಡಿಮೆ, ಪ್ರಯೋಗ ಹೆಚ್ಚು.

ಪ್ರಾಧ್ಯಾಪಕರ ಪ್ರಾಜೆಕ್ಟ್‌ಗಳಲ್ಲೂ ಹುದ್ದೆಗಳಿರುತ್ತವೆ. ಒಂದೆರಡು ವರ್ಷ ಕೆಲಸ ಕಲಿಯಲು ಒಳ್ಳೆಯದು. ಆದರೆ ಪ್ರಾಜೆಕ್ಟ್ ಮುಗಿದರೆ ಹುದ್ದೆಯೂ ಮುಗಿಯಿತು, ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದೂ ಉಂಟು.

ನಮ್ಮವರು ಎಡವುವುದು ಅರ್ಜಿಯಲ್ಲಿ. ಗೇಟ್ ಅಂಕ ಬಂತೆಂದರೆ ಸೀಟು ಬಂತೆಂದಲ್ಲ. ಎನ್.ಐ.ಟಿ.ಗಳ ಎಂ.ಟೆಕ್‌ಗೆ ಸಿ.ಸಿ.ಎಂ.ಟಿ. ಎಂಬ ಒಂದೇ ಕೌನ್ಸೆಲಿಂಗ್ ಇದೆ. ಐ.ಐ.ಟಿ.ಗಳಿಗೆ ಮಾತ್ರ ಒಂದೊಂದಕ್ಕೂ ಪ್ರತ್ಯೇಕ ಅರ್ಜಿ ಹಾಕಬೇಕು, ಅದೂ ಮಾರ್ಚ್‌ನಲ್ಲಿ ಫಲಿತಾಂಶ ಬರುವ ಆಸುಪಾಸಿನಲ್ಲೇ. ಪಿಎಚ್.ಡಿ.ಗೆ ಸಂದರ್ಶನವಿದೆ. ಅಲ್ಲಿ ಕೇಳುವುದು ಹೆಚ್ಚಾಗಿ ಬಿ.ಟೆಕ್‌ನ ಮೂಲಪಾಠ ಮತ್ತು ಗಣಿತವನ್ನೇ.

ಮೀಸಲಾತಿ ಇರುವವರು ಸರ್ಟಿಫಿಕೇಟನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಒ.ಬಿ.ಸಿ.ಯವರಿಗೆ ಕೇಂದ್ರ ಸರಕಾರದ ನಮೂನೆಯದ್ದೇ ಬೇಕು, ರಾಜ್ಯದ್ದು ನಡೆಯದು. ಜಾತಿಗಳ ಪಟ್ಟಿ ರಾಜ್ಯಕ್ಕೊಂದು ಇರುವುದರಿಂದ ಪುತ್ತೂರಿನ ನೆಂಟರಿಗೆ ಸಿಕ್ಕಿದ್ದು ನಮಗೂ ಸಿಗುತ್ತದೆಂದು ನಂಬಿ ಕೂರಬಾರದು. ವಿಲೇಜ್ ಆಫೀಸಿನಲ್ಲಿ ವಿಚಾರಿಸಿಯೇ ಅಕ್ಷಯ ಕೇಂದ್ರಕ್ಕೆ ಹೋಗುವುದು ಲೇಸು. ಹೆಸರಿನ ಕಡೆಗೂ ಗಮನವಿರಲಿ. ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ ಇರುವವರು ನಮ್ಮಲ್ಲಿ ಬಹಳ. ಗೇಟ್ ಅರ್ಜಿಯ ಹೆಸರು ಗುರುತುಚೀಟಿಯ ಹೆಸರಿಗೆ ತಾಳೆಯಾಗಬೇಕು, ಆದ್ದರಿಂದ ಆ ತಿದ್ದುಪಡಿಯನ್ನು ಆಗಸ್ಟ್‌ಗೆ ಮೊದಲೇ ಮಾಡಿಸಿಕೊಳ್ಳಿ.