ತಾಡಪತ್ರ ಚಿತ್ರಗಳಲ್ಲಿ ಪೂರ್ವರೇಖೆ: ಮೂಡುಬಿದಿರೆಯ ಸಿದ್ಧಾಂತಗ್ರಂಥಗಳು

ಕಾರ್ಕಳಕ್ಕೆ ದಕ್ಷಿಣದಲ್ಲಿರುವ ಮೂಡುಬಿದಿರೆಯಲ್ಲಿ ಶತಮಾನಗಳಿಂದ ರಕ್ಷಿತವಾಗಿ ಬಂದಿರುವ ಧವಲಾ, ಜಯಧವಲಾ, ಮಹಾಬಂಧಗಳ ತಾಡಪತ್ರ ಪ್ರತಿಗಳ ಮಹತ್ವವು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಜಿನಸೇನಾಚಾರ್ಯರು ಜಯಧವಲೆಯನ್ನು ಪೂರ್ಣಗೊಳಿಸಿದ್ದು ಕ್ರಿ.ಶ. 837ರಲ್ಲಿ. ಸಚಿತ್ರವಾದ ಪ್ರತಿಗಳಾದರೋ ಹನ್ನೆರಡನೆಯ ಶತಮಾನದ ಆದಿಭಾಗದವು. ಪಾರ್ಶ್ವನಾಥ, ಶ್ರುತದೇವಿ, ಯಕ್ಷಯಕ್ಷಿಯರು ಹಾಗೂ ಭಕ್ತರು ಅವುಗಳ ಗರಿಗಳಲ್ಲಿ ವರ್ಣಮಯವಾಗಿ ಚಿತ್ರಿತರಾಗಿದ್ದಾರೆ.

ಚಿತ್ರಕಾರನು ಬಣ್ಣ ತುಂಬುವ ಮೊದಲು ಆಕೃತಿಯನ್ನು ನಿಶ್ಚಯಿಸುವ ರೇಖೆಯೇ ಪೂರ್ವರೇಖೆ. ಈ ಕ್ರಮವನ್ನು ತಿಳಿಯಲು ಸಮಕಾಲೀನ ಆಧಾರವೊಂದು ಕರ್ಣಾಟಕದಲ್ಲಿಯೇ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ವು, ಕಾಡಿಗೆಯನ್ನು ಅನ್ನದೊಡನೆ ಅರೆದು ಮಾಡಿದ ವರ್ತಿಕೆಯನ್ನೂ ಕರುವಿನ ಕಿವಿಯ ರೋಮದಿಂದ ಕಟ್ಟಿದ ಲೇಖನಿಯನ್ನೂ ವಿವರಿಸುತ್ತದೆ. ಮೊದಲು ವರ್ಣವಿಲ್ಲದೆ ಆಕಾರಮಾತ್ರದ ರೇಖೆ, ಬಳಿಕ ವರ್ಣಪೂರಣ ಎಂಬುದು ಅಲ್ಲಿಯ ಕ್ರಮ. ಆ ವಿಧಿಯು ಮುಖ್ಯವಾಗಿ ಭಿತ್ತಿಚಿತ್ರಕ್ಕೆ ಸಂಬಂಧಿಸಿದುದಾದ ಕಾರಣ, ಕೆಲವೇ ಅಂಗುಲ ಅಗಲದ ಗರಿಗೆ ಅದನ್ನು ಅನ್ವಯಿಸುವಾಗ ಎಚ್ಚರ ಅವಶ್ಯ. ಆದರೆ ರೇಖೆಯೇ ಮೊದಲು ಎಂಬ ತತ್ತ್ವವು ಎರಡಕ್ಕೂ ಸಮಾನ. ಮೈಸೂರು ಸಂಪ್ರದಾಯದ ಚಿತ್ರಕಾರರೂ ಹುಣಿಸೆಕಡ್ಡಿಯನ್ನು ಸುಟ್ಟ ಇದ್ದಿಲಿನಿಂದಲೇ ಮೊದಲ ರೇಖೆಯನ್ನು ಬರೆಯುತ್ತಿದ್ದರು.

ಪೂರ್ವರೇಖೆಯನ್ನು ಮುಗಿಸುರೇಖೆಯೊಡನೆ ಬೆರೆಸಬಾರದು. ಮುಗಿಸುರೇಖೆ ಬಣ್ಣದ ಮೇಲಿನದು. ಕಣ್ಣು, ಬೆರಳು, ಆಭರಣಗಳನ್ನು ಸ್ಫುಟಗೊಳಿಸುವುದು ಅದರ ಕಾರ್ಯ. ಪೂರ್ವರೇಖೆ ಬಣ್ಣದ ಅಡಿಯಲ್ಲಿ ಅಡಗಿರುತ್ತದೆ. ಬಣ್ಣ ಉದುರಿದ ಎಡೆಯಲ್ಲಿ ಮಾತ್ರ ಅದು ಗೋಚರಿಸಬಹುದು. ಎರಡೂ ರೇಖೆಗಳು ಒಂದೆಡೆ ಕಂಡು, ಒಂದನ್ನೊಂದು ಅನುಸರಿಸದಿದ್ದರೆ, ಚಿತ್ರಕಾರನು ಆಕೃತಿಯನ್ನು ತಿದ್ದಿದನೆಂದು ಊಹಿಸಲು ಅವಕಾಶವಾಗುತ್ತದೆ. ಲಿಪಿಕಾರನ ತಿದ್ದುಪಡಿಯು ಪಾಠಶೋಧನೆಗೆ ಎಷ್ಟು ಉಪಯುಕ್ತವೋ ಇದೂ ಚಿತ್ರಶೋಧನೆಗೆ ಅಷ್ಟೇ ಉಪಯುಕ್ತ.

ಗ್ರಂಥಪಾಠವನ್ನು ಪ್ರತಿಮಾಡಿ ಉಳಿಸಬಹುದು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲೆಯ ಸಂಪುಟಗಳು ಮುದ್ರಿತವಾದುದರಿಂದ ಪಾಠವು ಎಲ್ಲರಿಗೂ ಲಭ್ಯವಾಯಿತು. ಚಿತ್ರದ ರೇಖೆಗಾದರೋ ಮೂಲಗರಿಯೇ ಏಕಮಾತ್ರ ಆಶ್ರಯ. ಕಂಟದಿಂದ ಕೊರೆದ ಓಲೆಗಳಿಗೆ ಮಸಿ ತೀಡಿ ಒರೆಸುವುದು, ಎಣ್ಣೆ ಲೇಪಿಸುವುದು ರೂಢಿಯಲ್ಲಿದೆ. ಸಚಿತ್ರ ಗರಿಗಳಿಗೆ ಈ ಉಪಚಾರ ಸಲ್ಲದು. ಒರೆಸಿದ ಬಟ್ಟೆಯೊಡನೆ ವರ್ಣವೂ ಅದರಡಿಯ ರೇಖೆಯೂ ಹೋದಾವು. ಬಸದಿ, ಮಠ, ಮನೆಗಳ ಭಂಡಾರಗಳಲ್ಲಿ ಅಂತಹ ಗರಿ ದೊರೆತಾಗ ಮೊದಲು ಛಾಯಾಚಿತ್ರ ತೆಗೆಯಿಸಿ, ಬಣ್ಣ ಉದುರಿದ ಭಾಗಗಳನ್ನು ಸೂಚಿಯಲ್ಲಿ ನಮೂದಿಸಿ, ತಜ್ಞರ ಸಲಹೆ ಪಡೆದ ಬಳಿಕವೇ ಶುದ್ಧೀಕರಣಕ್ಕೆ ಕೈಹಾಕುವುದು ಉಚಿತ.