ನಾಯಿಯ ಹೆಜ್ಜೆಗೆ ಹೆಜ್ಜೆ ಕೂಡಿಸಿ

2008ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಿಂದ ಲ್ಯೂಕ್ ರಾಬಿನ್‌ಸನ್ ಎಂಬಾತ ಎರಡು ದೊಡ್ಡ ಬಿಳಿ ನಾಯಿಗಳೊಂದಿಗೆ ಕಾಲ್ನಡಿಗೆಯಲ್ಲಿ ಹೊರಟ. ನಾಯಿಗಳ ಹೆಸರು ಹಡ್ಸನ್ ಮತ್ತು ಮರ್ಫಿ. ಹೋಗಬೇಕಿದ್ದದ್ದು ದೇಶದ ಈಶಾನ್ಯ ಮೂಲೆಯ ಬಾಸ್ಟನ್‌ಗೆ. ದಾರಿ ಎರಡು ಸಾವಿರ ಮೈಲಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ 3,200 ಕಿಲೋಮೀಟರ್ ಮೀರಿದ್ದು. ಮೂವರೂ ಬಾಸ್ಟನ್ ಮುಟ್ಟಿದಾಗ 2010ರ ಜೂನ್ ಬಂದಿತ್ತು.

ಈ ನಡಿಗೆಯ ಹಿಂದೆ ಇದ್ದದ್ದು ಮಾಲ್ಕಮ್ ಎಂಬ ಮತ್ತೊಂದು ನಾಯಿ. ಅದಕ್ಕೆ ಮೂಳೆಯ ಕ್ಯಾನ್ಸರ್ ಬಂತು. ಕಾಲು ತೆಗೆಸಿದರೂ ರೋಗ ಶ್ವಾಸಕೋಶಕ್ಕೆ ಹರಡಿ, 2006ರಲ್ಲಿ ಮಾಲ್ಕಮ್ ತೀರಿಕೊಂಡಿತು. ನಾಯಿಗೆ ಈ ರೋಗ ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ರಾಬಿನ್‌ಸನ್‌ಗೆ ಎಲ್ಲೂ ಸಮಾಧಾನದ ಉತ್ತರ ಸಿಗಲಿಲ್ಲ. ಹಾಗಾಗಿ ಆ ಪ್ರಶ್ನೆಯನ್ನೇ ಹೊತ್ತು ಊರಿಂದೂರಿಗೆ ನಡೆದ.

ನಾಯಿಯೇ ನಿರ್ಧರಿಸುವ ವೇಗ

ಹಡ್ಸನ್ ಮತ್ತು ಮರ್ಫಿ ‘ಗ್ರೇಟ್ ಪಿರನೀಸ್’ ತಳಿಯವು. ಫ್ರಾನ್ಸ್-ಸ್ಪೇನ್ ಗಡಿಯ ಬೆಟ್ಟಗಳಲ್ಲಿ ಕುರಿಮಂದೆ ಕಾಯಲು ಬೆಳೆದ ತಳಿ ಇದು. ಮೈತುಂಬ ಎರಡು ಪದರದ ದಟ್ಟ ಕೂದಲು. ಚಳಿ ಇವಕ್ಕೆ ಲೆಕ್ಕಕ್ಕಿಲ್ಲ, ಸೆಕೆಯೇ ಶತ್ರು. ನಾಯಿಗಳು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಲ್ಪಸ್ವಲ್ಪ ಬೆವರು ಬರುವುದು ಅಂಗಾಲಿನಲ್ಲಿ ಮಾತ್ರ. ಮೈಯ ಕಾವನ್ನು ಹೆಚ್ಚಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಕಳೆದುಕೊಳ್ಳಬೇಕು. ಇಂಥ ಜತೆಗಾರರಿದ್ದಾಗ ದಿನಕ್ಕೆಷ್ಟು ದೂರ, ಎಲ್ಲಿ ನೆರಳು, ಎಲ್ಲಿ ನೀರು ಎಂಬುದನ್ನು ನಾಯಿಯ ಮುಖ ನೋಡಿಯೇ ತೀರ್ಮಾನಿಸಬೇಕಾಗುತ್ತದೆ.

ಆ ನಿಧಾನವೇ ಈ ನಡಿಗೆಯ ಬಲ. ಕಾರಿನಲ್ಲಿ ಹೋಗುವವನನ್ನು ಯಾರೂ ತಡೆದು ಮಾತನಾಡಿಸುವುದಿಲ್ಲ. ಹಾಸಿಗೆಯಷ್ಟು ದೊಡ್ಡ ಎರಡು ನಾಯಿಗಳೊಂದಿಗೆ ರಸ್ತೆಬದಿ ನಡೆಯುವವನನ್ನು ‘ಎಲ್ಲಿಗೆ, ಯಾಕೆ’ ಎಂದು ಕೇಳದೆ ಬಿಡುವವರು ಕಡಿಮೆ. ಕೇಳಿದವರಿಗೆಲ್ಲ ಮಾಲ್ಕಮ್‌ನ ಕಥೆ ಸಿಕ್ಕಿತು.

ಒಂದೇ ರೋಗ, ಎರಡು ಜೀವ

ಆ ಕಥೆಯೊಳಗೆ ಒಂದು ವೈದ್ಯಕೀಯ ಸತ್ಯವೂ ಇತ್ತು. ದೊಡ್ಡ ತಳಿಯ ನಾಯಿಗಳಿಗೆ ಬರುವ ಮೂಳೆ ಕ್ಯಾನ್ಸರ್ ಮತ್ತು ಹದಿಹರೆಯದ ಮಕ್ಕಳಿಗೆ ಬರುವ ಮೂಳೆ ಕ್ಯಾನ್ಸರ್ ಬಹುಮಟ್ಟಿಗೆ ಒಂದೇ. ಎರಡೂ ಹೆಚ್ಚಾಗಿ ಕಾಲಿನ ಉದ್ದ ಮೂಳೆಯಲ್ಲಿ ಕಾಣಿಸಿಕೊಳ್ಳುತ್ತವೆ, ಎರಡೂ ಶ್ವಾಸಕೋಶಕ್ಕೆ ಹರಡುತ್ತವೆ. ಮಕ್ಕಳಲ್ಲಿ ಅಪರೂಪವಾದ ಈ ರೋಗ ನಾಯಿಗಳಲ್ಲಿ ಹೆಚ್ಚು. ನಾಯಿಗೆ ಹೊಸ ಚಿಕಿತ್ಸೆ ಕೊಟ್ಟು ಕಲಿತದ್ದು ಮಗುವಿಗೂ ಉಪಯೋಗವಾಗಬಹುದು. ಇದನ್ನರಿತೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲಿ ಪ್ರಾಣಿ ಮತ್ತು ಮನುಷ್ಯರ ಕ್ಯಾನ್ಸರನ್ನು ಒಟ್ಟಿಗಿಟ್ಟು ನೋಡುವ ವಿಭಾಗ ತೆರೆಯಿತು.

ರಾಬಿನ್‌ಸನ್ ನಡಿಗೆಯ ಫಲವಾಗಿ ಹುಟ್ಟಿದ ‘ಪಪ್ಪಿ ಅಪ್ ಫೌಂಡೇಷನ್’ ನಾಯಿಗಳ ಸ್ತನ ಗೆಡ್ಡೆಗಳ ಕುರಿತ ಸಂಶೋಧನೆಗೂ ಹಣ ಒದಗಿಸಿತು. ಬೇರೆ ಬೇರೆ ನಗರಗಳಲ್ಲಿ ಜನರು ತಮ್ಮ ನಾಯಿಗಳೊಂದಿಗೆ ಸೇರಿ ನಡೆಯುವ ಕಾರ್ಯಕ್ರಮಗಳನ್ನೂ ಏರ್ಪಡಿಸಿತು. ಆದರೆ ಅಷ್ಟು ದೂರ ನಡೆದ ಮರ್ಫಿಯನ್ನೂ ಮುಂದೆ ಮೂಗಿನ ಕ್ಯಾನ್ಸರ್ ಒಯ್ದಿತು. ಇಷ್ಟರ ಮೇಲೂ ಕೆಲಸ ನಿಲ್ಲದ್ದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮ ಬೀದಿಯ ನಾಯಿ

ನಾಯಿಯ ಮತ್ತು ಮನುಷ್ಯನ ರೋಗವನ್ನು ಒಟ್ಟಿಗಿಟ್ಟು ನೋಡುವ ಮಾತಿಗೆ ನಮ್ಮಲ್ಲೂ ಅರ್ಥವಿದೆ. ನಮ್ಮ ಬೀದಿನಾಯಿಗಳಲ್ಲಿ ಕಾಣುವ ಒಂದು ಕ್ಯಾನ್ಸರ್ ಮುಖ್ಯವಾಗಿ ಕೂಡುವಿಕೆಯಿಂದ ಒಂದರಿಂದೊಂದಕ್ಕೆ ಅಂಟುತ್ತದೆ. ಜನನಾಂಗದ ಬಳಿ ಹೂಕೋಸಿನಂಥ ಗೆಡ್ಡೆ, ಅದರಿಂದ ತೊಟ್ಟಿಕ್ಕುವ ರಕ್ತ. ನೋಡಿದವರು ಮುಖ ತಿರುಗಿಸುತ್ತಾರೆ. ಆದರೆ ಇದು ಬಹುಪಾಲು ವಾಸಿಯಾಗುವ ರೋಗ. ವಾರಕ್ಕೊಮ್ಮೆಯಂತೆ ಕೆಲವು ವಾರ ‘ವಿನ್‌ಕ್ರಿಸ್ಟಿನ್’ ಚುಚ್ಚುಮದ್ದು ಕೊಟ್ಟರೆ ಗೆಡ್ಡೆ ಕರಗುತ್ತದೆ. ಈ ಔಷಧ ದೊರೆಯುವುದು ನಮ್ಮ ಅಂಗಳದ ನಿತ್ಯಪುಷ್ಪ ಗಿಡದಿಂದ. ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೂ ಇದನ್ನೇ ಕೊಡುತ್ತಾರೆ.

ನಾಯಿಗಳ ಈ ಅಂಟುರೋಗ ಹರಡದಂತೆ ತಡೆಯಲು ಸಂತಾನಹರಣ ಶಸ್ತ್ರಚಿಕಿತ್ಸೆ ನೆರವಾಗುತ್ತದೆ. ಕೇಂದ್ರ ಸರ್ಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಬೀದಿನಾಯಿಗಳಿಗೆ ಈ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಎರಡನ್ನೂ ವಿಧಿಸಿವೆ. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುವ ನಾಯಿ ಕಂಡರೆ ಅದಕ್ಕೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಹುಟ್ಟುಹಾಕಿದ ‘ಕ್ಯುಪಾ’ದಂಥ ಸಂಸ್ಥೆಗಳು ಬೀದಿಯ ಪ್ರಾಣಿಗಳಿಗಾಗಿ ದುಡಿಯುತ್ತ ಬಂದಿರುವುದು ಹೆಚ್ಚಾಗಿ ದಾನಿಗಳ ಹಣದಿಂದ.

ಹೊರಡುವ ಮುನ್ನ

ಇಂಥ ಕೆಲಸಕ್ಕೆ ಹಣ ಕೂಡಿಸುವ ನಡಿಗೆ ನಿಮ್ಮೂರಿನಲ್ಲಿ ನಡೆದರೆ ಹೋಗಿ. ನಾಯಿಯಿದ್ದರೆ ಲಸಿಕೆ ಆಗಿದೆಯೇ ನೋಡಿಕೊಳ್ಳಿ. ವಾರಗಟ್ಟಲೆ ಮೊದಲೇ ಸ್ವಲ್ಪ ಸ್ವಲ್ಪವಾಗಿ ದೂರ ಹೆಚ್ಚಿಸಿ ಅಭ್ಯಾಸ ಮಾಡಿಸಿ. ನಸುಕಿನಲ್ಲೇ ಹೊರಡಿ. ಬಿಸಿಲೇರಿದ ಮೇಲೆ ಕೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳೆಂಟು ಸೆಕೆಂಡು ಒತ್ತಿ ಹಿಡಿದು ನೋಡಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಅಂಗಾಲಿಗೂ ತಡೆಯಲಾಗದು. ವಸಡು ಕೆಂಪೇರಿ, ಜೊಲ್ಲು ಸುರಿದು, ಹೆಜ್ಜೆ ತಪ್ಪತೊಡಗಿದರೆ ಅಲ್ಲಿಗೇ ನಡಿಗೆ ಸಾಕು. ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ, ಕೂಡಲೇ ಪಶುವೈದ್ಯರ ಬಳಿ ಹೋಗಿ. ಮುದಿ ನಾಯಿಯನ್ನೂ, ಗದ್ದಲಕ್ಕೆ ಬೆದರುವ ನಾಯಿಯನ್ನೂ ಮನೆಯಲ್ಲೇ ಬಿಡಿ; ಅದರ ಹೆಸರಿನಲ್ಲಿ ನೀವು ನಡೆಯಿರಿ.

ಕೂಡಿದ ಹಣ ಎಷ್ಟು ನಾಯಿಗಳ ಶಸ್ತ್ರಚಿಕಿತ್ಸೆಗೆ, ಎಷ್ಟು ಲಸಿಕೆಗೆ ಹೋಯಿತು ಎಂದು ಸಂಘಟಕರನ್ನು ಕೇಳಿ. ಕೇಳುವುದು ಕೊಟ್ಟವರ ಹಕ್ಕು. ಮರುದಿನದಿಂದ ನಿಮ್ಮ ಬೀದಿಯ ನಾಯಿಗಳ ಕಿವಿ ನೋಡಿ. ಕಚ್ಚಿಲ್ಲದ ನಾಯಿ ಇದ್ದರೆ ಪಾಲಿಕೆಗೋ ಪಂಚಾಯಿತಿಗೋ ತಿಳಿಸಿ, ಅದರ ಸರದಿ ಬರುವವರೆಗೂ ಬೆನ್ನುಹತ್ತಿ.